ಬೇಯದ ನೀಲಿ

ನಾಬುಲ್
14 ಜನವರಿ 1986

ವಸೀಲಾ,

ಮೂರು ವರ್ಷದ ಮೇಲೆ ಕಾಗದ ಬರೆಯುವವಳು ಮೊದಲು ಕ್ಷೇಮ ವಿಚಾರಿಸಬೇಕು, ಆಮೇಲೆ ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕೇಳಬೇಕು, ಆಮೇಲೆ ಮಹ್ದಿಯಾದ ಗಾಳಿ ಮಳೆಯ ಬಗ್ಗೆ ಎರಡು ಮಾತು. ಅದೆಲ್ಲ ಆಯಿತೆಂದು ತಿಳಿದುಕೋ. ನಾನು ಕೂತಿರುವುದು ನಿನ್ನ ಮೇಲೆ ದೂರು ಬರೆಯಲು.

ಹೊಸ ವರ್ಷಕ್ಕೆಂದು ನೀನು ಕಳಿಸಿದ ಜಲವರ್ಣ ತಲುಪಿತು. ಬಂದರಿನ ಒಂದು ಗೋಡೆ, ಅದರ ಬುಡದಲ್ಲಿ ಬಲೆ ಬಿಡಿಸುತ್ತ ಕೂತ ಒಬ್ಬ ಮುದುಕ. ಅಷ್ಟೆ. ಮುದುಕ ಹುಟ್ಟಿರುವುದು ನಾಲ್ಕೇ ಸಲ ಕುಂಚ ತಾಗಿಸಿದ್ದಕ್ಕೆ, ಎಣಿಸಿದ್ದೇನೆ. ಗೋಡೆಗಂತೂ ಬಣ್ಣವೇ ಇಲ್ಲ, ಬರೀ ಕಾಗದ. ಆದರೂ ನೋಡಿದರೆ ಕಣ್ಣು ಕಿರಿದಾಗುತ್ತದೆ, ನಡುಮಧ್ಯಾಹ್ನದ ಬಿಸಿಲಿಗೆ ಆಗುವ ಹಾಗೆ. ಏನೂ ಮಾಡದೆ ಬಿಸಿಲು ಮಾಡಿದ್ದೀಯ. ಇದು ಮೊದಲನೆಯ ಅಪರಾಧ.

ಎರಡನೆಯದು, ಅದನ್ನು ನಾವು ಊಟಕ್ಕೆ ಕೂರುವ ಜಾಗದ ಎದುರಿಗೇ ತೂಗುಹಾಕಿದೆ. ನಮ್ಮತ್ತೆ ಅಲ್ಜಿಯಾ ಮೂರು ದಿನ ಪರಿಶೀಲನೆ ನಡೆಸಿ ತೀರ್ಪು ಕೊಟ್ಟರು: "ಪಾಪ, ಅರ್ಧಕ್ಕೇ ಬಣ್ಣ ಮುಗಿದುಹೋಗಿದೆ ಅವಳಿಗೆ. ಗೆಳತಿ ಗೆಳತಿ ಅಂತೀಯ, ನಿಮ್ಮ ಕಾರ್ಖಾನೆಯಿಂದ ಒಂದು ಡಬ್ಬಿ ಕಳಿಸಬಾರದೇನೇ?" ನಾನು ನಕ್ಕೆ. ಮಾರನೆಯ ದಿನ ಕೆಲಸಕ್ಕೆ ಕೂತಾಗ ನಗು ಇರಲಿಲ್ಲ. ದಿನಕ್ಕೆ ಮೂವತ್ತು ಮಣ್ಣಿನ ತಟ್ಟೆ, ತಟ್ಟೆಗೆ ಐದು ಮೀನಿನ ಚಿತ್ರ, ಇಪ್ಪತ್ತೇಳು ವರ್ಷ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಒಮ್ಮೆ ಸೀನುತ್ತ ಬರೆದಿದ್ದೇನೆ, ಆ ಮೀನೂ ನೆಟ್ಟಗೇ ಇತ್ತು. ಆವತ್ತು ಮಾತ್ರ ನಮ್ಮ ಮೇಸ್ತ್ರಿ ಸೀ ಹಮ್ಮೂದಾ ನನ್ನ ಹಿಂದೆ ಬಂದು ನಿಂತು, "ಏನು ಮಗಳೇ, ಮೀನುಗಳ ಮುಖ ಸಪ್ಪಗಿದೆ? ಮನೇಲಿ ಜಗಳವಾ?" ಎಂದರು.

ಮೂರನೆಯದು ಬರೆಯಲು ನಾಚಿಕೆಯಾಗುತ್ತದೆ. ನನ್ನ ಮೀನುಗಳನ್ನು ಜನ ಕೊಳ್ಳುವುದು ದೃಷ್ಟಿ ತಾಗದಿರಲಿ ಎಂದು. ನಿನ್ನ ಚಿತ್ರದ ಪಕ್ಕ ನಾನೊಂದು ಮೀನಿನ ತಟ್ಟೆ ತೂಗುಹಾಕಿದ್ದೇನೆ. ಅದಕ್ಕೆ ದೃಷ್ಟಿ ತಾಗಿಸುವವರು ಈ ಮನೆಯಲ್ಲಿ ಯಾರು ಎಂದು ಅತ್ತೆ ಕೇಳಿದರು. ನಾನು ಸಾರಿಗೆ ಉಪ್ಪು ಹಾಕಲು ಹೋದೆ.

ಶಾಲೆಯಲ್ಲಿ ಚಿತ್ರ ಹೇಳಿಕೊಡುತ್ತಿದ್ದ ಟೀಚರ್ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದು ನಿನಗೆ ನೆನಪಿರಬೇಕು: "ವಸೀಲಾಗೆ ಕಣ್ಣಿದೆ. ಶೆದ್ಲಿಯಾಗೆ ಕೈ ಇದೆ." ನೀನು ಓದಲು ಹೋದೆ, ನಾನು ತಟ್ಟೆಗೆ ಹೋದೆ. ಸರಿ. ಆದರೆ ಮೂರು ವರ್ಷದ ಹಿಂದೆ ನನ್ನ ತಂಗಿಯ ಮದುವೆಯಲ್ಲಿ ನೀನೂ ನನ್ನ ಕೈ ಎತ್ತಿ ಹಿಡಿದು, "ನೋಡಿ, ಇಂಥ ಕೈ ಈ ಊರಲ್ಲೇ ಇಲ್ಲ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ನಿನಗೆ ಕಾಗದ ಬರೆಯಲಿಲ್ಲ. ಕಾರಣ ನಿನಗೆ ಗೊತ್ತಿಲ್ಲದಿದ್ದರೆ ನಾನು ಹೇಳುವವಳಲ್ಲ.

ಮೊನ್ನೆ ಮಕ್ಕಳ ಅಂಗಡಿಯಿಂದ ಹನ್ನೆರಡು ಬಿಲ್ಲೆಯ ಬಣ್ಣದ ಪೆಟ್ಟಿಗೆ ತಂದೆ. ಕೆಸರು ಬರುತ್ತಿದೆ. ಹೇಗೆ ಮಾಡುತ್ತೀಯ, ಹೇಳು.

ಶೆದ್ಲಿಯಾ


ಮಹ್ದಿಯಾ
30 ಜನವರಿ

ದೂರುದಾರಳೇ,

ಮೂರೂ ಅಪರಾಧ ಒಪ್ಪಿದ್ದೇನೆ. ಮದುವೆಮನೆಯ ಮಾತು ನನಗೆ ನೆನಪೇ ಇರಲಿಲ್ಲ, ನಿನ್ನ ಕಾಗದ ಓದಿದ ಮೇಲೆ ನೆನಪಾಯಿತು. ಅದರ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಬರೆದು ಹರಿದ ಹಾಳೆ ಆಗಲೇ ಮೂರಾಯಿತು.

ಪಾಠಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಬಿಳಿ ಬಿಲ್ಲೆ ಇದೆಯಲ್ಲ, ಅದನ್ನು ಕಿತ್ತು ಕಿಟಕಿಯಿಂದ ಆಚೆ ಎಸೆ. ಬಿಳಿ ಇರುವುದು ಕಾಗದದಲ್ಲಿ. ನೀನು ಮಾಡಬೇಕಾದ್ದು ಅದನ್ನು ಕಾಪಾಡುವುದು. ಇನ್ನೊಂದು, ಬಣ್ಣ ಇಟ್ಟ ಮೇಲೆ ಮುಟ್ಟಬೇಡ. ನೀರು ತನ್ನ ಕೆಲಸ ಮಾಡುತ್ತಿರುವಾಗ, ನಿಮ್ಮತ್ತೆ ಬೇರೆಯವರ ಅಡುಗೆಮನೆಯಲ್ಲಿ ಮಾಡುವ ಹಾಗೆ, ಮುಚ್ಚಳ ತೆಗೆದು ತೆಗೆದು ನೋಡಬೇಡ. ಇಷ್ಟೇ ನನಗೆ ಗೊತ್ತಿರುವುದು. ಉಳಿದದ್ದು ಅಭ್ಯಾಸ. ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಹುಡುಗಿಯರಿಗೆ ಕಪ್ಪೆಯ ಹೊಟ್ಟೆ ಸೀಳಿ ತೋರಿಸಿ, ಸಂಜೆ ಆ ಪಾಪ ತೊಳೆಯಲು ಬಂದರಿಗೆ ಹೋಗಿ ಕೂತು ಬರೆಯುತ್ತೇನೆ.

ಈಗ ನಿಜವಾದ ವಿಷಯ. ಏಪ್ರಿಲ್ ಹನ್ನೆರಡರಿಂದ ಹತ್ತು ದಿನ ನಿಮ್ಮೂರಿನ ಸಂಸ್ಕೃತಿ ಭವನದಲ್ಲಿ ನನ್ನ ಚಿತ್ರಗಳ ಪ್ರದರ್ಶನ ಇದೆ. ಹುಟ್ಟಿದೂರಲ್ಲಿ ಮೊದಲ ಸಲ. ಇಪ್ಪತ್ತೆರಡು ಚಿತ್ರಕ್ಕೆ ಇಪ್ಪತ್ಮೂರು ಮೊಳೆ ಹೊಡೆಯಲು ಹೇಳಿದ್ದೇನೆ. ನಡುವಿನ ಮೊಳೆ ನಿನ್ನದು. ಒಂದು ಚಿತ್ರ, ಕೆಳಗೆ ಚೀಟಿಯಲ್ಲಿ ನಿನ್ನ ಹೆಸರು. ಮಾರ್ಚ್ ಕೊನೆಯೊಳಗೆ ಹೂಂ ಅಥವಾ ಊಹೂಂ ಅನ್ನು. ಊಹೂಂ ಅಂದರೂ ಮೊಳೆ ಹಾಗೇ ಇರುತ್ತದೆ, ಖಾಲಿ. ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತಲ್ಲ.

ನಿನ್ನ
ವಸೀಲಾ


ನಾಬುಲ್
18 ಫೆಬ್ರವರಿ

ಮೊಳೆ ಹೊಡೆದವಳೇ,

ಹತ್ತೊಂಬತ್ತು ದಿನದಿಂದ ನಾನು ಸರಿಯಾಗಿ ಕೂತಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ಮರೆಯುತ್ತದೆ. ಊರಿಗೆಲ್ಲ ಸುದ್ದಿ ಹಬ್ಬಿದೆ, ಮಹ್ದಿಯಾ ಬಸ್ಸು ಓಡಿಸುವ ಗಂಡನಿದ್ದರೆ ಇದೇ ಪಾಡು. ಮೊಖ್ತಾರ್ ನಿನ್ನ ಕಾಗದದ ಸಾರಾಂಶವನ್ನು ಸೂಸ್ ನಿಲ್ದಾಣದ ತನಕ ಇಳಿದವರಿಗೂ ಹತ್ತಿದವರಿಗೂ ಉಚಿತವಾಗಿ ಹಂಚಿದ್ದಾನೆ. ನಿನ್ನೆ ತರಕಾರಿಯವನು, "ನಿಮ್ಮ ಮೊಳೆ ಎಷ್ಟಕ್ಕೆ ಬಂತು?" ಎಂದ.

ಬಿಳಿ ಬಿಲ್ಲೆ ಎಸೆದೆ. ಹದಿಮೂರು ಹಾಳೆ ಬರೆದೆ. ನನ್ನ ರೋಗ ಏನೆಂದು ಪತ್ತೆಯಾಯಿತು: ಖಾಲಿ ಬಿಡಲು ನನಗೆ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ದಿನವೇ ಸೀ ಹಮ್ಮೂದಾ ಹೇಳಿದ್ದರು, "ತಟ್ಟೇಲಿ ಖಾಲಿ ಜಾಗ ಬಿಟ್ಟರೆ ಅಲ್ಲಿ ಶೈತಾನ ಬಂದು ಊಟಕ್ಕೆ ಕೂರ್ತಾನೆ." ಅವತ್ತಿನಿಂದ ಶೈತಾನನಿಗೆ ನಾನು ಒಂದು ತುತ್ತೂ ಕೊಟ್ಟಿಲ್ಲ. ಮೊನ್ನೆ ಭಾರಿ ಧೈರ್ಯ ಮಾಡಿ ಆಕಾಶವನ್ನು ಪೂರ್ತಿ ಬಿಟ್ಟೆ. ಯಾರೋ ಬಾಗಿಲು ತಟ್ಟಿದರು, ಹೋಗಿ ಬಂದೆ, ಇನ್ನೊಂದು ಸಲ ಹಾಳೆ ನೋಡಿದರೆ ಅಲ್ಲಿ ಮೂರು ಹಕ್ಕಿ. ನಾನೇ ಬರೆದಿದ್ದೆ, ಕುಂಚ ಕೈಯಲ್ಲೇ ಇತ್ತು, ನೆನಪು ಮಾತ್ರ ಇಲ್ಲ. ಮೂರೂ ಒಂದೇ ಥರ, ಮೂರೂ ಚೆಂದ, ಮೂರೂ ಸತ್ತವು.

ಇನ್ನು ಈ ಪೆಟ್ಟಿಗೆಯ ಬಣ್ಣಗಳ ಜೊತೆ ನನಗೆ ಸಂಸಾರ ಆಗುವುದಿಲ್ಲ. ನೀಲಿ ಇಟ್ಟರೆ ಇಟ್ಟ ಕೂಡಲೇ ನೀಲಿಯಾಗಿಬಿಡುತ್ತದೆ. ಮಾನ ಮರ್ಯಾದೆ ಬೇಡವೇ? ನಮ್ಮ ಕಾರ್ಖಾನೆಯ ಬಣ್ಣಗಳು ತಟ್ಟೆ ಸುಡುವ ಆವಿಗೆಯಲ್ಲಿ ಬೆಂದು ಹೊರಗೆ ಬರುವ ತನಕ ತಮ್ಮ ಗುಟ್ಟು ಬಿಟ್ಟುಕೊಡುವುದಿಲ್ಲ. ಸಂಭಾವಿತ ಬಣ್ಣಗಳು.

ನಿನ್ನ ಮುದುಕನನ್ನು ದಿನಾ ನೋಡುತ್ತೇನೆ. ನಾಲ್ಕು ಸಲ ಕುಂಚ! ನಾನು ಒಂದು ಮೀನಿನ ರೆಪ್ಪೆಗೇ ಐದು ಸಲ ಇಡುತ್ತೇನೆ, ಮೀನಿಗೆ ರೆಪ್ಪೆಯೇ ಇಲ್ಲ ಎಂದು ಮೊನ್ನೆ ಮೊಖ್ತಾರ್ ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಊಹೂಂ ಎಂದು ಬರೆಯಲು ಕೂತವಳು ಇಷ್ಟುದ್ದ ಬರೆದೆ. ಊಹೂಂ ಬರೆದಿಲ್ಲ. ಗಮನಿಸು.

ಶೆದ್ಲಿಯಾ


ನಾಬುಲ್
25 ಫೆಬ್ರವರಿ

ವಸೀಲಾ,

ಇದನ್ನು ಚಿತ್ರದ ಜೊತೆಗೆ ಸುತ್ತಿ ಮೊಖ್ತಾರನ ಕೈಯಲ್ಲಿ ಕೊಟ್ಟಿದ್ದೇನೆ. ಬಿಚ್ಚಿ ನೋಡಬೇಡ ಎಂದು ಆಣೆ ಹಾಕಿಸಿದ್ದೇನೆ. ಬಿಚ್ಚಿರುತ್ತಾನೆ.

ಮಕ್ಕಳ ಪೆಟ್ಟಿಗೆ ಮುಚ್ಚಿಟ್ಟೆ. ಕಾರ್ಖಾನೆಯಿಂದ ನನ್ನ ಬಣ್ಣಗಳನ್ನು ಎರಡು ಕುಪ್ಪಿಯಲ್ಲಿ ತಂದೆ, ಕತ್ತೆಯ ಕತ್ತಿನ ಕೂದಲಿನ ನನ್ನ ಹಳೆಯ ಕುಂಚವನ್ನೂ ತಂದೆ. ಭಾನುವಾರ ಬೆಳಿಗ್ಗೆ ಒಬ್ಬಳೇ ಕಡಲಿಗೆ ಹೋದೆ. ದಂಡೆಯಲ್ಲಿ ನಾನು, ಒಂದು ತಲೆಕೆಳಗಾದ ದೋಣಿ, ಆಚೆ ಎರಡು ಖರ್ಜೂರದ ಮರ. ಕುಂಚ ಕೈಗೆ ಬಂದದ್ದೇ ತಡ, ಭುಜ ಇಳಿಯಿತು. ಅವಸರವಿಲ್ಲದೆ ಇಟ್ಟೆ, ಇಟ್ಟದ್ದನ್ನು ಬಿಟ್ಟೆ. ಹಕ್ಕಿ ಬರಲಿಲ್ಲ. ಬಂದಿದ್ದರೂ ಓಡಿಸುತ್ತಿದ್ದೆ.

ಇನ್ನೇನೂ ಹೇಳುವುದಿಲ್ಲ. ನೋಡು. ಚೆನ್ನಾಗಿಲ್ಲದಿದ್ದರೆ "ಹವಾಮಾನ ಹೇಗಿದೆ" ಎಂದು ಮಾತ್ರ ಬರೆ, ಅರ್ಥಮಾಡಿಕೊಳ್ಳುತ್ತೇನೆ.

ಶೆ.


ಮಹ್ದಿಯಾ
10 ಮಾರ್ಚ್

ಶೆದ್ಲಿಯಾ,

ಹಾಸ್ಯ ಮಾಡಬೇಕೆಂದು ಎರಡು ಸಲ ಶುರು ಮಾಡಿದೆ, ಆಗಲಿಲ್ಲ. ನಿನ್ನ ಚಿತ್ರವನ್ನು ಕಿಟಕಿಯ ಪಕ್ಕ ಇಟ್ಟು ಎದುರಿಗೆ ಕೂತೆ. ಚಹಾ ಆರಿತು. ಇನ್ನೊಂದು ಮಾಡಿಕೊಂಡೆ, ಅದೂ ಆರಿತು. ಆಮೇಲೆ ಅಳು ಬಂತು. ಯಾಕೆಂದು ಕೇಳಬೇಡ.

ಈ ಸಮುದ್ರವನ್ನು ನಾನು ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ. ಯಾವಾಗಲೂ ನೀಲಿ. ನೋಡುವವರಿಗೆ ನೀಲಿ ಬೇಕು, ನನಗೂ ನೀಲಿ ಸುಲಭ. ಫೆಬ್ರವರಿಯ ಬೆಳಿಗ್ಗೆ ಅದಕ್ಕೆ ಬಣ್ಣವೇ ಇರುವುದಿಲ್ಲ, ರಾತ್ರಿಯ ಬೂದಿ ಹಾಗೇ ಉಳಿದಿರುತ್ತದೆ ಎಂದು ನನಗೂ ಗೊತ್ತಿತ್ತು. ಆದರೆ ಇಡೀ ಹಾಳೆಯನ್ನು ಬೂದಿ ಬಣ್ಣದಲ್ಲಿ ಬಿಡುವ ಎದೆ ನನಗಿರಲಿಲ್ಲ. ನೀನು ಬಿಟ್ಟಿದ್ದೀಯ. ಅದೂ ಎರಡು ಬೂದಿ! ನೀರಿಗೆ ಒಂದು, ಮರಕ್ಕೆ ಇನ್ನೊಂದು, ಅವೆರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ನನ್ನ ಹದಿನೆಂಟು ಬಣ್ಣಗಳನ್ನು ಕಲಸಿ ಕಲಸಿ ನೋಡಿದೆ, ಆ ಎರಡು ನನಗೆ ಸಿಗಲಿಲ್ಲ. ಎಲ್ಲಿಂದ ತಂದೆ ಈ ಧೈರ್ಯ?

ನಿನಗೆ ಹೇಳದೇ ಇದ್ದ ಒಂದು ಮಾತು ಹೇಳುತ್ತೇನೆ. ನನ್ನ ಬಿಳಿ ಗೋಡೆಗಳು ಹತ್ತು ವರ್ಷದಿಂದ ಒಂದೇ ಗೋಡೆ. ನಾನೂ ಮೀನು ಬರೆಯುತ್ತಿದ್ದೇನೆ ಕಣೇ.

ನಡುವಿನ ಮೊಳೆಗೆ ಇದೇ. "ಬೂದಿ ಸಮುದ್ರ" ಎಂದು ಚೀಟಿ ಬರೆಸಲೇ? ಪ್ರದರ್ಶನದ ಹೊತ್ತಿಗೆ ಮೊಖ್ತಾರನ ಬಸ್ಸಿನಲ್ಲೇ ವಾಪಸ್ ಕಳಿಸುತ್ತೇನೆ. ಅಲ್ಲಿಯ ತನಕ ನನ್ನ ಹತ್ತಿರ ಇರಲಿ.

ವಸೀಲಾ


ನಾಬುಲ್
15 ಮಾರ್ಚ್

ವಸೀಲಾ,

ಅದು ನೀಲಿ!

ಕೂತುಕೊಂಡು ಓದು. ಬೂದಿ ಅಲ್ಲ, ನೀಲಿ. ಮರ ಹಸಿರು. ನಾನು ನೀಲಿ ಸಮುದ್ರ, ಹಸಿರು ಮರ ಬರೆದೆ, ಮೂರನೆಯ ತರಗತಿಯ ಮಕ್ಕಳು ಬರೆಯುವ ಹಾಗೆ. ಆಗಿದ್ದೇನೆಂದು ಹೇಳುತ್ತೇನೆ, ನಗುವುದಾದರೆ ಕಿಟಕಿ ಮುಚ್ಚಿಕೊಂಡು ನಗು.

ಕಾರ್ಖಾನೆಯಲ್ಲಿ ನಮ್ಮ ಮುಂದೆ ಎರಡು ಕುಪ್ಪಿ ಇರುತ್ತವೆ. ಎರಡರಲ್ಲೂ ಕಪ್ಪು ಪುಡಿ. ಒಂದನ್ನು ಆವಿಗೆಯಲ್ಲಿ ಬೇಯಿಸಿದರೆ ನೀಲಿಯಾಗುತ್ತದೆ, ಇನ್ನೊಂದು ಹಸಿರಾಗುತ್ತದೆ. ಬೇಯುವ ಮುಂಚೆ ನೀರಲ್ಲಿ ಕದಡಿದರೆ ಎರಡೂ ಬೂದಿಯೇ. ಆದರೆ ನಮ್ಮಲ್ಲಿ ಯಾರೂ ಅದನ್ನು ಬೂದಿ ಅನ್ನುವುದಿಲ್ಲ. "ಆ ನೀಲಿ ಕೊಡೇ" ಅನ್ನುತ್ತೇವೆ, "ಹಸಿರು ಚೆಲ್ಲಿತು" ಅನ್ನುತ್ತೇವೆ. ಇಪ್ಪತ್ತೇಳು ವರ್ಷ ಹಾಗಂದೂ ಅಂದೂ ನನ್ನ ಕಣ್ಣಿಗೆ ಆ ಬೂದಿ ನೀಲಿಯಾಗಿಯೇ ಕಾಣುತ್ತದೆ. ಸುಳ್ಳಲ್ಲ, ನಿಜವಾಗಿಯೂ ಕಾಣುತ್ತದೆ. ಅವತ್ತು ದಂಡೆಯಲ್ಲಿ ಬರೆದು ಮುಗಿಸಿ, ಆಹಾ ಎಂಥ ನೀಲಿ ಎಂದು ಒಬ್ಬಳೇ ಹಿಗ್ಗಿದೆ. ಕಾಗದವನ್ನು ಯಾರೂ ಬೇಯಿಸುವುದಿಲ್ಲ ಎಂಬುದು ತಲೆಗೇ ಬರಲಿಲ್ಲ.

ನಿನ್ನ ಕಾಗದವನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿದೆ. ಅತ್ತೆ ಹೂನೀರು ಇಳಿಸಲೆಂದು ಕಿತ್ತಳೆ ಹೂವನ್ನು ಬಟ್ಟೆಯ ಮೇಲೆ ಹರಡುತ್ತಿದ್ದರು, ಬಟ್ಟೆ ಸಾಲದ ಕಡೆ ನನ್ನ ಹದಿಮೂರು ಹಾಳೆ ಹಾಸಿದ್ದರು. "ಬೂದಿಯಂತೆ! ವಸೀಲಾ ಕಣ್ಣಿಗೆ ಏನಾಗಿದೆ?" ಎಂದೆ.

"ಬೂದಿ ಅಲ್ದೆ ಇನ್ನೇನೇ?" ಎಂದರು ಅತ್ತೆ. "ಒಲೆ ಗುಡಿಸಿ ನೀರಲ್ಲಿ ಕಲಸಿದ ಹಾಗಿತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

"ನೀವು ಬಾಯಿ ಮುಚ್ಕೊಂಡಿದ್ದು ಯಾವಾಗ ಅತ್ತೆ?"

"ಅದೊಂದೇ ಸಲ. ಅದಕ್ಕೂ ಬೆಲೆ ಇಲ್ಲ."

ಮೊಖ್ತಾರ್ ಒಳಗಿನಿಂದ ಕೂಗಿದ: "ಸೂಸಲ್ಲಿ ಬಿಚ್ಚಿದಾಗ ನಮ್ಮ ಕಂಡಕ್ಟರೂ ನೋಡ್ದ ಕಣೇ. ‘ಯಾರು ತೀರಿಕೊಂಡ್ರು?’ ಅಂದ."

ಬಿಚ್ಚಿದ್ದನ್ನು ಒಪ್ಪಿಕೊಂಡೆಯಲ್ಲ ಎಂದು ಜಗಳವಾಡುವ ತ್ರಾಣವೂ ನನಗಿರಲಿಲ್ಲ. ಅಂದರೆ ಊರಿಗೆಲ್ಲ ಕಂಡಿದೆ, ನನಗೊಬ್ಬಳಿಗೆ ಕಂಡಿಲ್ಲ. ಒಬ್ಬಳಿಗೆ ಅಲ್ಲ, ಇಬ್ಬರಿಗೆ: ಕಳಿಸುವ ಮುಂಚೆ ಸೀ ಹಮ್ಮೂದಾಗೆ ತೋರಿಸಿದ್ದೆ. ಅವರು ಕನ್ನಡಕ ಏರಿಸಿ ನೋಡಿ, "ನೀಲಿ ಸ್ವಲ್ಪ ಗಾಢ ಆಯ್ತು ಮಗಳೇ, ಇನ್ನೊಂದು ಚಮಚ ನೀರು ಬಿಡಬಹುದಿತ್ತು" ಎಂದಿದ್ದರು.

ಆದ್ದರಿಂದ ನಿನ್ನ ಮೆಚ್ಚುಗೆಯನ್ನು ವಾಪಸ್ ಕಳಿಸುತ್ತಿದ್ದೇನೆ, ಉಪಯೋಗಿಸಿಲ್ಲ, ಮಡಿಕೆ ಕೂಡ ಬಿಚ್ಚಿಲ್ಲ. ಧೈರ್ಯ ಅಲ್ಲ ಕಣೇ, ಕುರುಡು. ಮೊಳೆ ಕೀಳಿಸು.

ಶೆದ್ಲಿಯಾ


ನಾಬುಲ್
24 ಮಾರ್ಚ್

ವಸೀಲಾ,

ಒಂಬತ್ತು ದಿನವಾಯಿತು. ನೀನು ನಕ್ಕು ಒಂದು ಸಾಲು ಬರೆಯುತ್ತೀಯ ಎಂದುಕೊಂಡಿದ್ದೆ. ಬೈದು ಬರೆದಿದ್ದರೂ ಸಾಕಿತ್ತು. ಶುಕ್ರವಾರ ಮಹ್ದಿಯಾದ ನಿಲ್ದಾಣದ ಹತ್ತಿರ ನಿನ್ನನ್ನು ಕಂಡು ಮೊಖ್ತಾರ್ ಹಾರ್ನ್ ಹೊಡೆದನಂತೆ. ನೀನು ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಬೇರೆ ಬೀದಿಗೆ ತಿರುಗಿದೆಯಂತೆ. "ಕೇಳಿಸಿರಲಿಕ್ಕಿಲ್ಲ" ಎಂದೆ ನಾನು. "ನನ್ನ ಹಾರ್ನು ಸತ್ತವರಿಗೂ ಕೇಳಿಸ್ತದೆ" ಎಂದ ಅವನು.

ನಾನೇನು ತಪ್ಪು ಮಾಡಿದೆ? ತಪ್ಪು ಮಾಡಿದ್ದು ನಿಜ, ಆದರೆ ಅದು ನನ್ನ ಹಾಳೆಯ ಮೇಲೆ ಮಾಡಿದ್ದು. ನಿನಗೆ ಯಾಕೆ ಕೋಪ?

ಶೆ.


ಮಹ್ದಿಯಾ
29 ಮಾರ್ಚ್

ಶೆದ್ಲಿಯಾ,

ಹಾರ್ನು ಕೇಳಿಸಿತು.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯ ಮುದುಕಿ ಗೋಡೆ ತಟ್ಟಿ, "ಏನಮ್ಮ, ಒಬ್ಬಳೇ ಇದೀಯಲ್ಲ?" ಎಂದಳು. ನಗು ನಿಂತ ಮೇಲೆ ಮತ್ತೆ ನಿನ್ನ ಚಿತ್ರದ ಎದುರು ಕೂತೆ. ಮತ್ತೆ ಚೆನ್ನಾಗಿತ್ತು. ಅದೇ ನನ್ನ ಕಷ್ಟ.

ನಿನಗೆ ಪ್ರತಿಭೆ ಇದೆಯೋ ಇಲ್ಲವೋ ಎಂದು ನೀನು ಒದ್ದಾಡುತ್ತಿದ್ದೀಯ. ನನಗೆ ಇರುವುದು ಒಂದೇ, ಕಣ್ಣು. ಹದಿನಾಲ್ಕನೆಯ ವಯಸ್ಸಿನಲ್ಲಿ ಟೀಚರ್ ಹೇಳಿದ್ದನ್ನು ನಂಬಿ ಇಷ್ಟು ವರ್ಷ ಬದುಕಿದೆ. ಆ ಕಣ್ಣು ಒಂದು ಪೆದ್ದು ತಪ್ಪಿನ ಮುಂದೆ ಕೂತು ಧೈರ್ಯ, ಧೈರ್ಯ ಎಂದು ಅತ್ತಿತು. ತಪ್ಪು ಯಾವುದು, ಚಿತ್ರ ಯಾವುದು ಎಂದು ತಿಳಿಯದ ಕಣ್ಣನ್ನು ಏನು ಮಾಡಲಿ? ನನ್ನ ಬಿಳಿ ಗೋಡೆಗಳನ್ನು ನಾನೇ ಚೆನ್ನಾಗಿವೆ ಅಂದುಕೊಂಡದ್ದು. ಯಾರಿಗೆ ಗೊತ್ತು, ನಿಮ್ಮತ್ತೆ ಹೇಳಿದ್ದೇ ನಿಜವೇನೋ. ಬಣ್ಣ ಮುಗಿದುಹೋಗಿತ್ತೇನೋ.

ಮಾತು ಕೊಟ್ಟಿದ್ದೇನೆ, ಚಿತ್ರಗಳನ್ನು ಭವನಕ್ಕೆ ಕಳಿಸುತ್ತೇನೆ. ನಿನ್ನದೂ ಅದೇ ಕಟ್ಟಿನಲ್ಲಿ ಬರುತ್ತದೆ, ಏನು ಬೇಕಾದರೂ ಮಾಡಿಕೋ. ನಾನು ಬರುವುದಿಲ್ಲ. ಅವುಗಳ ಪಕ್ಕ ನಿಂತು ಜನರ ಮುಖ ನೋಡುವ ಶಕ್ತಿ ಈಗ ಇಲ್ಲ.

ವಸೀಲಾ


ನಾಬುಲ್
3 ಏಪ್ರಿಲ್

ಹುಚ್ಚಿ,

ನನ್ನ ಅನುಮಾನವನ್ನು ಇಷ್ಟು ವರ್ಷ ಯಾರ ಕಣ್ಣೂ ತಾಗದ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದೆ. ಅದನ್ನೂ ನೀನೇ ಕಿತ್ತುಕೊಂಡೆಯಲ್ಲೇ. ಪ್ರತಿಭೆ ನಿನ್ನದು, ಇರಲಿ, ಅನುಮಾನವಾದರೂ ನನ್ನದಾಗಿತ್ತು.

ಈಗ ನಾನು ಹೇಳುವುದನ್ನು ಕೇಳು. ನಾನು ಓದಿದವಳಲ್ಲ, ತಟ್ಟೆಯವಳ ಲೆಕ್ಕದಲ್ಲಿ ಹೇಳುತ್ತೇನೆ. ಹಾಳೆಯ ಮೇಲೆ ಇದ್ದದ್ದು ಬೂದಿ. ನೀನು ಬೂದಿ ನೋಡಿದೆ. ನಾನು ಹಾಳೆಯ ಮೇಲೆ ಇಲ್ಲದ ನೀಲಿಯನ್ನು ನೋಡಿದೆ. ಕೆಟ್ಟಿರುವುದು ಯಾರ ಕಣ್ಣು? ಬರೆದವಳ ಮನಸ್ಸಿನಲ್ಲಿ ಏನಿತ್ತೆಂದು ನಿನ್ನ ಕಣ್ಣಿಗೆ ಹೇಗೆ ಗೊತ್ತಾಗಬೇಕು, ಅದೇನು ಸುಂಕದ ಕಟ್ಟೆಯೇ, ಎಲ್ಲರ ಗಂಟು ಬಿಚ್ಚಿ ನೋಡಲು?

ಭಾನುವಾರ ಮತ್ತೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋದೆ. ಪೆಟ್ಟಿಗೆಯ ನೀಲಿಯನ್ನೂ ತೆಗೆದುಕೊಂಡಿದ್ದೆ, ಕುಪ್ಪಿಯ ನೀಲಿಯನ್ನೂ. ಈ ಸಲ ಬರೆಯದೆ ನೀರನ್ನು ಸುಮ್ಮನೆ ನೋಡಿದೆ. ಬಹಳ ಹೊತ್ತು. ನನಗೆ ಎಂಥ ಚಟ ಅಂಟಿದೆ ನೋಡು: ಯಾವ ಬಣ್ಣ ಕಂಡರೂ ಇದು ಬೆಂದ ಮೇಲೆ ಏನಾಗುತ್ತದೆ ಎಂದು ಕಾಯುತ್ತೇನೆ. ಸಮುದ್ರವೂ ಬೇಯಲಿ ಎಂದು ಕಾಯುತ್ತ ಕೂತಿದ್ದೆ! ಅದು ಯಾವ ಆವಿಗೆಗೂ ಹೋಗುವುದಿಲ್ಲ, ಈಗ ಹೇಗಿದೆಯೋ ಹಾಗೆಯೇ ಎಂದು ಆಗ ಹೊಳೆಯಿತು. ಆಮೇಲೆ ಬರೆದೆ. ಒಂದು ಪೆಟ್ಟಿಗೆಯ ನೀಲಿಯಲ್ಲಿ, ಒಂದು ಕುಪ್ಪಿಯದರಲ್ಲಿ. ಎರಡೂ ಹಾಳಾದವು. ತಿಳಿದು ಮಾಡಲು ನನಗಿನ್ನೂ ಬಾರದು. ಬರುತ್ತದೋ ಇಲ್ಲವೋ, ಅದೂ ತಿಳಿಯದು. ಆದರೆ ಹಾಳಾದದ್ದು ಕಣ್ಣಿಗೆ ಕಂಡಿತು. ಮೊದಲು ಕಾಣುತ್ತಿರಲಿಲ್ಲ.

ಒಂದು ಒಪ್ಪಂದ. ನೀನು ಹನ್ನೆರಡಕ್ಕೆ ಬಂದರೆ ನಾನು ನಡುವಿನ ಮೊಳೆಗೆ ಚಿತ್ರ ಹಾಕುತ್ತೇನೆ, ಹೆಸರೂ ಕೊಡುತ್ತೇನೆ. ನೀನು ಬರದಿದ್ದರೆ ಇಲ್ಲ. ಮೊಖ್ತಾರನ ಬಸ್ಸಿನಲ್ಲಿ ಮುಂದಿನ ಸೀಟು ನಿನ್ನದು. ಯಾರೂ ಕೂರದ ಹಾಗೆ ಅದರ ಮೇಲೆ ಕೋಳಿ ಬುಟ್ಟಿ ಇಡುತ್ತಾನಂತೆ.

ನಿನ್ನ
ಶೆದ್ಲಿಯಾ


ನಾಬುಲ್
13 ಏಪ್ರಿಲ್

ವಸೀಲಾ,

ನೀನು ಬರಲಿಲ್ಲ. ಬಸ್ಸು ಬಂತು. ಮುಂದಿನ ಸೀಟಿನಲ್ಲಿ ಕೋಳಿ ಬುಟ್ಟಿಯೊಂದೇ ಇತ್ತು. ಮೊಖ್ತಾರ್ ಇಳಿದು ಬಂದು ಆ ಸೀಟಿನ ಕಡೆ ಕೈ ತೋರಿಸಿದ.

ಒಪ್ಪಂದದ ಪ್ರಕಾರ ನಾನು ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಕಿತ್ತು. ಅದಕ್ಕೇ ಭವನಕ್ಕೆ ಹೋದೆ. ನಿನ್ನ ಇಪ್ಪತ್ತೆರಡನ್ನೂ ತೂಗುಹಾಕಿದ್ದರು. ನಡುವೆ ಮೊಳೆ ಖಾಲಿ, ನನ್ನ ಚಿತ್ರ ಅದರ ಕೆಳಗೆ ಗೋಡೆಗೆ ಒರಗಿಕೊಂಡು ಕೂತಿತ್ತು, ಆಸ್ಪತ್ರೆಯಲ್ಲಿ ಸರದಿ ಕಾಯುವವರ ಹಾಗೆ. ಅಲ್ಲಿನ ಗುಮಾಸ್ತೆ ರಫೀಕಾ ಪೆನ್ನು ಹಿಡಿದು ನಿಂತಿದ್ದಳು.

"ಇದು ಹಾಕೋದಾ, ಬೇಡ್ವಾ? ಬೇಗ ಹೇಳಿ, ಬಾಗಿಲು ತೆಗೀಬೇಕು."

ನಾನು ನಿನ್ನ ಗೋಡೆಗಳನ್ನು ನೋಡಿದೆ, ಆ ಕಡೆ ಹನ್ನೊಂದು, ಈ ಕಡೆ ಹನ್ನೊಂದು. ಕಣ್ಣು ಕಿರಿದಾಯಿತು. ಆಮೇಲೆ ಹೇಳಿದೆ, "ಹಾಕೋದು."

"ಚಿತ್ರದ ಹೆಸರು?"

"ನೀಲಿ ಸಮುದ್ರ."

ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. "ಅಕ್ಕಾ, ಬಾಯ್ತಪ್ಪಿ ಹೇಳಿದ್ರಾ?"

"ಇಲ್ಲ. ಹಾಗೇ ಬರಿ."

"ಯಾವುದರಲ್ಲಿ ಮಾಡಿದ್ದು? ಜಲವರ್ಣವಾ?"

"ಬೇಯಿಸಿಲ್ಲ ಅಂತ ಬರಿ."

ಬರೆದಳು. ಸರ್ಕಾರಿ ನೌಕರಿಯವರಿಗೆ ಯಾವುದೂ ಆಶ್ಚರ್ಯವಲ್ಲ. ಆಮೇಲೆ ಹೆಸರು ಕೇಳಿದಳು. ಶೆದ್ಲಿಯಾ ಬೆನ್ ಸಾಸಿ ಎಂದೆ. ಒಂದು ಅಕ್ಷರ ತಪ್ಪಿ ಬರೆದಳು, ಹರಿದುಹಾಕಿಸಿ ಮತ್ತೆ ಬರೆಸಿದೆ. ಎರಡನೆಯ ಸಲ ಸರಿಯಾಗಿತ್ತು, ಸ್ವಲ್ಪ ಓರೆಯಾಗಿತ್ತು. ಮೂರನೆಯ ಸಲವೂ ಬರೆಸಿದೆ.

ಜನ ಬಂದರು ವಸೀಲಾ. ನಿನ್ನ ಮುದುಕರ ಮುಂದೆ, ನಿನ್ನ ಗೋಡೆಗಳ ಮುಂದೆ ನಿಂತು ಹಣೆಗೆ ಕೈ ಅಡ್ಡ ಹಿಡಿದರು, ಭವನದ ಒಳಗೆ, ನೆರಳಲ್ಲಿ! ಅತ್ತೆ ಮೂರು ಗೋಡೆ ನೋಡಿದ ಮೇಲೆ, "ಒಂದಾದ್ರೆ ಬಣ್ಣ ಮುಗಿದಿತ್ತು ಅನ್ನಬಹುದು, ಇಷ್ಟೊಂದಾ? ಬೇಕಂತಲೇ ಮಾಡಿದಾಳೆ ಬಿಡು" ಎಂದು ನಿನ್ನನ್ನು ಖುಲಾಸೆ ಮಾಡಿದರು. ನಿನ್ನ ಕಣ್ಣಿನ ಮೇಲೆ ನಿನಗೆ ನಂಬಿಕೆ ಇಲ್ಲದಿದ್ದರೆ ಅವರದ್ದನ್ನು ನಂಬು, ಅವರು ಯಾರನ್ನೂ ಸುಮ್ಮನೆ ಬಿಡುವವರಲ್ಲ.

ನನ್ನದರ ಮುಂದೆ ಗುಂಪು ಕಟ್ಟಿತು, ಚೀಟಿಯ ದೆಸೆಯಿಂದ. ಔಷಧಿ ಅಂಗಡಿಯ ಸೀ ಫೌಜಿ ಇದು ವ್ಯಂಗ್ಯ ಎಂದರು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸು ಇದು ದುಃಖ ಎಂದರು. ಇಬ್ಬರೂ ಅದರ ಮೇಲೆ ಅರ್ಧ ಗಂಟೆ ವಾದ ಮಾಡಿದರು. ನಾನು ಕಂಬದ ಹಿಂದೆ ನಿಂತು ನನಗೆ ಏನೇನು ದುಃಖ ಇದೆ ಎಂದು ತಿಳಿದುಕೊಂಡೆ.

ಅಷ್ಟರಲ್ಲಿ ಕಾರ್ಖಾನೆ ಬಿಟ್ಟಿತು. ಸೀ ಹಮ್ಮೂದಾ ಮುಂದೆ, ನಮ್ಮ ಹೆಂಗಸರು ಏಳು ಜನ ಹಿಂದೆ, ಮೈಮೇಲಿನ ಮಣ್ಣಿನ ಪುಡಿ ಸಮೇತ ನೆಟ್ಟಗೆ ಒಳಗೆ ಬಂದು ನಡುವಿನ ಮೊಳೆಯ ಮುಂದೆ ಸಾಲಾಗಿ ನಿಂತರು. ಯಾರೂ ಚೀಟಿ ಓದಲಿಲ್ಲ. ಒಬ್ಬಳು, "ಅಬ್ಬಾ, ಎಂಥ ನೀಲಿ!" ಎಂದಳು. ಉಳಿದ ಆರು ಜನ ಹೌದು ಹೌದು ಎಂದರು. ಸೀ ಹಮ್ಮೂದಾ ಕನ್ನಡಕ ಏರಿಸಿ, "ಗಾಢ ಆಯ್ತು ಅಂದಿದ್ದೆ, ಅಲ್ಲ, ನಾನೇ ತಪ್ಪು. ನೀಲಿ ಅಂದ್ರೆ ಹೀಗಿರಬೇಕು" ಎಂದರು.

ಸೀ ಫೌಜಿ ಗಂಟಲು ಸರಿಮಾಡಿಕೊಂಡರು. "ಯಜಮಾನ್ರೇ, ಎಲ್ಲಿದೆ ನೀಲಿ?"

"ಕಾಣಲ್ವಾ ನಿಮಗೆ?" ಸೀ ಹಮ್ಮೂದಾ ಅವರನ್ನು ನಿಜವಾದ ಕನಿಕರದಿಂದ ನೋಡಿದರು. "ಅಷ್ಟು ದೊಡ್ಡ ಔಷಧಿ ಅಂಗಡಿ ಇಟ್ಕೊಂಡಿದೀರಿ, ಕಣ್ಣಿಗೆ ಎರಡು ತೊಟ್ಟು ಬಿಟ್ಕೋಬಾರ್ದಾ?"

ಇಡೀ ಭವನ ನಕ್ಕಿತು. ಒಂದು ಕಡೆ ಬೂದಿ ಎನ್ನುವ ಊರು, ಇನ್ನೊಂದು ಕಡೆ ನೀಲಿ ಎನ್ನುವ ಎಂಟು ಜನ, ಎಲ್ಲರೂ ಒಟ್ಟಿಗೆ ಕೈ ಆಡಿಸಿ ಮಾತಾಡುತ್ತಿದ್ದರು. ಪ್ರದರ್ಶನ ಇನ್ನೂ ಒಂಬತ್ತು ದಿನ ಇದೆ. ಬರುತ್ತೀಯೋ ಬಿಡುತ್ತೀಯೋ, ಇನ್ನು ಒಪ್ಪಂದ ಗಿಪ್ಪಂದ ಇಲ್ಲ. ಆ ಸೀಟಿನ ಮೇಲೆ ಬುಟ್ಟಿ ದಿನಾ ಇರುತ್ತದೆ.

ಒಂದು ವಿಷಯ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆ ಗದ್ದಲದಲ್ಲಿ ಯಾರೋ ನನ್ನನ್ನು ಕಂಬದ ಹಿಂದಿನಿಂದ ಎಳೆದರು, ಎರಡು ಗುಂಪಿನ ನಡುವೆ ಬಂದು ನಿಂತೆ, ತಲೆ ಎತ್ತಿದೆ. ಬೂದಿ ಕಾಣಿಸಿತು. ಮೊದಲ ಸಲ. ಬಿಸಿಲು ಹತ್ತುವ ಮುಂಚಿನ ತಣ್ಣಗಿನ ನೀರು, ಇನ್ನೂ ಯಾರೂ ಎಬ್ಬಿಸದ ದೋಣಿ, ನೀರಿನದೇ ಬಣ್ಣದ, ಆದರೆ ನೀರಲ್ಲದ ಎರಡು ಮರ. ಆ ಒಂದು ಗಳಿಗೆ ನನಗೆ ಕುಪ್ಪಿಯೂ ನೆನಪಿರಲಿಲ್ಲ, ಮೊಳೆಯೂ ನೆನಪಿರಲಿಲ್ಲ. ಯಾರಪ್ಪಾ ಇದನ್ನು ಬರೆದವರು ಎಂದು, ದೇವರಾಣೆ, ಹೆಸರು ಓದಲು ಬಗ್ಗಿದೆ.

ಶೆದ್ಲಿಯಾ